ನಿಮಗಿದು ಗೊತ್ತೇ? ‘ಈಡಿಯಟ್’ ಒಂದು ಕಾಲದಲ್ಲಿ ಡಾಕ್ಟರು ಬರೆಯುತ್ತಿದ್ದ ಪದ!

ಸಿಟ್ಟು ಬಂದಾಗ ಯಾರಿಗಾದರೂ ‘ಈಡಿಯಟ್’ ಅಂದಿದ್ದೀರಾ? ಅಂದಿರುತ್ತೀರಿ ಬಿಡಿ! ಆದರೆ ನೂರು ವರ್ಷದ ಹಿಂದೆ ಡಾಕ್ಟರುಗಳು ಕನ್ನಡಕ ಏರಿಸಿಕೊಂಡು, ಮಸಿಯಲ್ಲಿ ಪೆನ್ನು ಅದ್ದಿ, ಗಂಭೀರವಾಗಿ ಬರೆಯುತ್ತಿದ್ದ ಪದ ಅದು. ‘ಇಂಬೆಸೈಲ್’ ಕೂಡ ಹಾಗೇ. ‘ಮೋರಾನ್’ ಕೂಡ ಹಾಗೇ. ಮೂರೂ ಅಪ್ಪಟ ವೈದ್ಯಕೀಯ ಪದಗಳು!

ಮೂರಕ್ಕೂ ಅಳತೆ ಬೇರೆ ಇತ್ತು. ಆಳು ಎಷ್ಟೇ ದೊಡ್ಡವನಾಗಿರಲಿ, ಬುದ್ಧಿ ಎರಡು ವರ್ಷದ ಮಗುವಿನಷ್ಟಿದ್ದರೆ ಈಡಿಯಟ್. ಮೂರರಿಂದ ಏಳು ವರ್ಷದ ಮಗುವಿನಷ್ಟಿದ್ದರೆ ಇಂಬೆಸೈಲ್. ಎಂಟರಿಂದ ಹನ್ನೆರಡರಷ್ಟಿದ್ದರೆ ಮೋರಾನ್. ಅಂದರೆ ಈ ಮೂವರಲ್ಲಿ ಮೋರಾನೇ ಜಾಣ!

ಇದೆಲ್ಲ ಪರದೇಶದ ಕಥೆ, ಕಾರವಾರ-ಅಂಕೋಲೆಗೆ ಏನು ಸಂಬಂಧ ಅಂತೀರಾ? ಸ್ವಲ್ಪ ತಾಳಿ. ನಮ್ಮ ಕೋರ್ಟಿನ ಪುಸ್ತಕದಲ್ಲಿ, ಆಸ್ಪತ್ರೆಯ ಫಾರಮ್ಮಿನಲ್ಲಿ, ಬಾಲವಾಡಿಯ ಆಟಿಕೆಯಲ್ಲಿ, ಕಡೆಗೆ ನಿಮ್ಮ ಅಡುಗೆಮನೆಯ ಉಪ್ಪಿನ ಡಬ್ಬಿಯಲ್ಲೂ ಈ ಪದಗಳ ನೆರಳಿದೆ!

‘ಮೋರಾನ್’ ಪದಕ್ಕೆ ಹುಟ್ಟಿದ ವರ್ಷವೂ ಗೊತ್ತು, ಹುಟ್ಟಿದ ಊರೂ ಗೊತ್ತು. 1910. ಅಮೆರಿಕದ ನ್ಯೂಜೆರ್ಸಿಯ ವೈನ್‌ಲ್ಯಾಂಡ್ ಎಂಬ ಊರಿನ ಶಾಲೆಯಲ್ಲಿದ್ದ ಹೆನ್ರಿ ಗೊಡಾರ್ಡ್ ಎಂಬ ಮನಶ್ಶಾಸ್ತ್ರಜ್ಞ ಗ್ರೀಕ್ ಭಾಷೆಯ ‘ಮೋರೋಸ್’ ಎಂಬ ಪದ ಎತ್ತಿಕೊಂಡು ಟಂಕಿಸಿದ್ದು. ಅದಕ್ಕೂ ಮೊದಲು ಇಂಗ್ಲಿಷ್‌ನಲ್ಲಿ ಯಾರನ್ನೂ ಮೋರಾನ್ ಅಂತ ಬೈಯುವ ಹಾಗೇ ಇರಲಿಲ್ಲ!

ಅಮೆರಿಕದ ಕಾಲೇಜಿನಲ್ಲಿ ಎರಡನೇ ವರ್ಷದ ವಿದ್ಯಾರ್ಥಿಗೆ ‘ಸಾಫಮೋರ್’ ಅಂತಾರಲ್ಲ, ಅದರ ಬಾಲದಲ್ಲೂ ಇದೇ ಮೋರೋಸ್ ಕೂತಿದೆ ಅಂತ ಹಲವರು ಹೇಳುತ್ತಾರೆ. ಅರ್ಧ ಜಾಣ, ಅರ್ಧ ದಡ್ಡ ಎಂಬ ಚೇಷ್ಟೆ!

ಇನ್ನು ‘ಈಡಿಯಟ್’ ಪಾಪ, ಬುದ್ಧಿಗೆ ಸಂಬಂಧಪಟ್ಟ ಪದವೇ ಅಲ್ಲ. ಹಳೇ ಗ್ರೀಕರಲ್ಲಿ ‘ಈಡಿಯೋಟೀಸ್’ ಅಂದರೆ ಊರ ಉಸಾಬರಿಗೆ ಹೋಗದೆ ತನ್ನ ಪಾಡಿಗೆ ತಾನಿರುವವ. ಆ ಲೆಕ್ಕದಲ್ಲಿ ಗ್ರಾಮಸಭೆಗೆ ಚಕ್ಕರ್ ಹೊಡೆಯುವ ನಾವೆಲ್ಲರೂ!

ಯಾರು ಈಡಿಯಟ್ ಅಂತ ಕೋರ್ಟು ಹೇಗೆ ಪತ್ತೆ ಹಚ್ಚುತ್ತಿತ್ತು ಗೊತ್ತೇ? 1534ರ ಒಂದು ಇಂಗ್ಲಿಷ್ ಕಾನೂನು ಪುಸ್ತಕದಲ್ಲಿ ಫಿಟ್ಜ್‌ಹರ್ಬರ್ಟ್ ಎಂಬ ನ್ಯಾಯಾಧೀಶ ಪ್ರಶ್ನೆಪತ್ರಿಕೆಯನ್ನೇ ಕೊಟ್ಟಿದ್ದಾನೆ. ಇಪ್ಪತ್ತು ಪೆನ್ನಿ ಎಣಿಸು. ಅಪ್ಪ-ಅಮ್ಮ ಯಾರು ಹೇಳು. ನಿನ್ನ ವಯಸ್ಸೆಷ್ಟು ಹೇಳು. ಬರಲಿಲ್ಲವೋ, ಈಡಿಯಟ್! ನಮ್ಮ ಹಳೇ ಕಾಲದ ಅಜ್ಜಿಯರನ್ನು ವಯಸ್ಸು ಕೇಳಿದರೆ ‘ದೊಡ್ಡ ನೆರೆ ಬಂದ ವರ್ಷ ಹುಟ್ಟಿದ್ದು’ ಅನ್ನುತ್ತಿದ್ದರು. ಸಂಸಾರ, ಗದ್ದೆ, ಸಾಲದ ಲೆಕ್ಕ ಎಲ್ಲ ಬಾಯಲ್ಲೇ ಇಟ್ಟುಕೊಂಡಿದ್ದ ಅವರೆಲ್ಲ ಈ ಪರೀಕ್ಷೆಯಲ್ಲಿ ಫೇಲ್!

ಈ ಪರೀಕ್ಷೆಯ ಹಿಂದೆ ದುಡ್ಡಿನ ವಿಷಯವೂ ಇತ್ತು. ಮಧ್ಯಯುಗದ ಇಂಗ್ಲೆಂಡಿನಲ್ಲಿ ಹುಟ್ಟಿನಿಂದ ಈಡಿಯಟ್ ಅಂತ ತೀರ್ಮಾನವಾದವನ ಜಮೀನು ರಾಜನ ವಶಕ್ಕೆ. ಅವನಿಗೆ ಊಟ-ಬಟ್ಟೆ ಕೊಟ್ಟು, ಉಳಿದ ಉತ್ಪನ್ನ ರಾಜ ಇಟ್ಟುಕೊಳ್ಳಬಹುದು! ಆದರೆ ನಡುವೆ ಬುದ್ಧಿ ಕೆಟ್ಟ ‘ಲೂನಾಟಿಕ್’ ಆದರೆ? ಅವನಿಗೆ ಗುಣವಾಗಬಹುದಲ್ಲ! ಹಾಗಾಗಿ ಅವನ ಆದಾಯವನ್ನು ರಾಜ ಮುಟ್ಟುವ ಹಾಗಿಲ್ಲ. ಹಣೆಪಟ್ಟಿ ಬದಲಾದರೆ ಖಜಾನೆಯ ಲೆಕ್ಕವೇ ಬದಲು!

ಲೂನಾಟಿಕ್ ಎಂಬ ಪದದಲ್ಲಿ ಚಂದ್ರ ಇದ್ದಾನೆ. ಲ್ಯಾಟಿನ್‌ನಲ್ಲಿ ‘ಲೂನಾ’ ಅಂದರೆ ಚಂದ್ರ. ‘ಅಮಾಸೆ-ಹುಣ್ಣಿಮೆಗೆ ಜೋರಾಗ್ತದೆ’ ಅಂತ ನಮ್ಮೂರಲ್ಲೂ ಅನ್ನುತ್ತಾರಲ್ಲ, ರೋಮಿನವರೂ ಅದನ್ನೇ ನಂಬಿದ್ದರು!

ಈಗ ಕಾರವಾರಕ್ಕೆ ಬನ್ನಿ. 1862ರಲ್ಲಿ ಉತ್ತರ ಕನ್ನಡ ಮದ್ರಾಸ್ ಪ್ರಾಂತ ಬಿಟ್ಟು ಮುಂಬೈ ಪ್ರಾಂತಕ್ಕೆ ಸೇರಿತು, ಕಾರವಾರ ಜಿಲ್ಲೆಗೆ ಮುಖ್ಯಸ್ಥಳವಾಯಿತು. ಆಗಲೇ ಜಾರಿಯಲ್ಲಿತ್ತು 1858ರ ಹುಚ್ಚಾಸ್ಪತ್ರೆ ಕಾಯ್ದೆ. ಅದರ ಪ್ರಕಾರ ‘ಲೂನಾಟಿಕ್’ ಅಂದರೆ ಬುದ್ಧಿ ಸ್ಥಿಮಿತ ಇಲ್ಲದವನೂ ಹೌದು, ‘ಈಡಿಯಟ್’ ಕೂಡ ಹೌದು. ಹುಟ್ಟಿನಿಂದ ಕಲಿಕೆ ನಿಧಾನ ಇದ್ದವನನ್ನೂ ಮಾನಸಿಕ ಕಾಯಿಲೆ ಬಂದವನನ್ನೂ ಒಂದೇ ಚೀಲಕ್ಕೆ ತುಂಬಿಬಿಟ್ಟಿದ್ದರು!

ಅದೇ ವರ್ಷದ ಇನ್ನೊಂದು ಕಾಯ್ದೆ, ಯಾರಿಗೆ ತನ್ನ ಆಸ್ತಿ ನೋಡಿಕೊಳ್ಳುವಷ್ಟು ಬುದ್ಧಿ ಇಲ್ಲ ಅಂತ ವಿಚಾರಣೆ ಮಾಡುವ ಅಧಿಕಾರವನ್ನು ಜಿಲ್ಲಾ ಕೋರ್ಟಿಗೆ ಕೊಟ್ಟಿತ್ತು. 1882-83ರ ಸುಮಾರಿಗೆ ಕಾರವಾರದ ಆ ಕುರ್ಚಿಯಲ್ಲಿ ಕೂತಿದ್ದವರು ಯಾರು ಹೇಳಿ? ಐಸಿಎಸ್ ಪಾಸಾದ ಮೊದಲ ಭಾರತೀಯ ಸತ್ಯೇಂದ್ರನಾಥ ಟ್ಯಾಗೋರ್! ಅಣ್ಣ ಕೋರ್ಟಿನಲ್ಲಿ ಇಂಥ ಕಾಯ್ದೆ ಪುಸ್ತಕ ತಿರುವುತ್ತಿದ್ದರೆ, ತಮ್ಮ ರವೀಂದ್ರನಾಥ ಸಮುದ್ರದ ದಂಡೆಯಲ್ಲಿ ನಾಟಕ ಬರೆಯುತ್ತಿದ್ದರು. ಬೀಚಿಗೆ ತಮ್ಮನ ಹೆಸರು ಬಂತು, ಅಣ್ಣನನ್ನು ಯಾರು ಕೇಳ್ತಾರೆ!

ಬ್ರಿಟಿಷರು ಬಂದ ಮೇಲೇ ಇದೆಲ್ಲ ಶುರುವಾಗಿದ್ದು ಅಂದುಕೊಳ್ಳಬೇಡಿ. ನಮ್ಮ ಧರ್ಮಶಾಸ್ತ್ರಗಳಲ್ಲಿ ‘ಜಡ’ ಎಂಬ ಪದ ಆಸ್ತಿ ಹಂಚಿಕೆಯ ಅಧ್ಯಾಯದಲ್ಲೇ ಬರುತ್ತದೆ. ಉನ್ಮತ್ತ, ಜಡ, ಕುರುಡ, ಹೀಗೆ ಒಂದು ಪಟ್ಟಿ. ಇವರಿಗೆ ಪಾಲಿಲ್ಲ, ಆದರೆ ಜೀವನಾಂಶ ಕೊಡಲೇಬೇಕು! ಯಾಜ್ಞವಲ್ಕ್ಯ ಸ್ಮೃತಿಯ ಈ ಮಾತಿಗೆ ‘ಮಿತಾಕ್ಷರ’ ಎಂಬ ವ್ಯಾಖ್ಯಾನ ಬರೆದ ವಿಜ್ಞಾನೇಶ್ವರ ನಮ್ಮವನೇ, ಕಲ್ಯಾಣದ ಚಾಲುಕ್ಯ ಆರನೇ ವಿಕ್ರಮಾದಿತ್ಯನ ಕಾಲದವ. ಬೀದರ್ ಜಿಲ್ಲೆಯ ಬಸವಕಲ್ಯಾಣದಲ್ಲಿ ಕೂತು ಬರೆದದ್ದು ಲಂಡನ್ನಿನ ಪ್ರಿವಿ ಕೌನ್ಸಿಲ್‌ವರೆಗೂ ನಡೆಯಿತು!

1928ರಲ್ಲಿ ಬ್ರಿಟಿಷ್ ಸರ್ಕಾರ ಈ ಪಟ್ಟಿಯನ್ನು ಹರಿದು ಹಾಕಿತು. ಕುರುಡ, ಕಿವುಡ, ಮೂಗ ಎಲ್ಲರಿಗೂ ಪಾಲು ಸಿಗುವಂತಾಯಿತು. ಇಬ್ಬರನ್ನು ಬಿಟ್ಟು! ಹುಟ್ಟಿನಿಂದ ‘ಲೂನಾಟಿಕ್’ ಅಥವಾ ‘ಈಡಿಯಟ್’ ಆದವರಿಗೆ ಬಾಗಿಲು ಮುಚ್ಚಿಯೇ ಇತ್ತು. ಅವರಿಗೆ ಅದು ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆ ಬಂದಾಗ!

ಮದುವೆಯ ವಿಷಯ ಇನ್ನೂ ಮಜಾ. 1955ರ ಹಿಂದೂ ವಿವಾಹ ಕಾಯ್ದೆಯ ಐದನೇ ಸೆಕ್ಷನ್ನಿನಲ್ಲಿ ಒಂದು ಷರತ್ತಿತ್ತು: ಮದುವೆಯ ಹೊತ್ತಿಗೆ ವರನಾಗಲಿ ವಧುವಾಗಲಿ ‘ಈಡಿಯಟ್’ ಅಥವಾ ‘ಲೂನಾಟಿಕ್’ ಆಗಿರಬಾರದು! ಈ ಪದ ಕಾಯ್ದೆಯಿಂದ ಹೋದದ್ದು 1976ರ ತಿದ್ದುಪಡಿಯಲ್ಲಿ. ನಿಮ್ಮ ಅಪ್ಪ-ಅಮ್ಮನ ಮದುವೆ ಅದಕ್ಕಿಂತ ಮೊದಲು ಆಗಿದ್ದರೆ, ಕಾನೂನಿನ ಪ್ರಕಾರ ಅಪ್ಪ ಈಡಿಯಟ್ ಆಗಿರಲಿಲ್ಲ ಎಂಬುದಂತೂ ಗ್ಯಾರಂಟಿ! (ಅಮ್ಮನ ಅಭಿಪ್ರಾಯ ಬೇರೆ ಇರಬಹುದು.)

ಬುದ್ಧಿ ಅಳೆಯುವ ಪರೀಕ್ಷೆಗೆ ಬರೋಣ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮತ್ತು ಥಿಯೋಡೋರ್ ಸಿಮೊನ್ ಇದನ್ನು ಮಾಡಿದ್ದು ಯಾರಿಗೂ ಹಣೆಪಟ್ಟಿ ಹಚ್ಚಲಿಕ್ಕಲ್ಲ. ಯಾವ ಮಗುವಿಗೆ ಶಾಲೆಯಲ್ಲಿ ಹೆಚ್ಚಿನ ಸಹಾಯ ಬೇಕು ಅಂತ ತಿಳಿಯಲಿಕ್ಕೆ. ಅದೇ ಪರೀಕ್ಷೆಯನ್ನು ಅಮೆರಿಕಕ್ಕೆ ಹೊತ್ತೊಯ್ದವನು ಮೋರಾನ್ ಖ್ಯಾತಿಯ ಗೊಡಾರ್ಡ್!

ಆ ಬಿನೆಯ ಪ್ರಶ್ನೆಗಳಲ್ಲೂ ಮಗು ನಾಣ್ಯ ಎಣಿಸಬೇಕಿತ್ತು. ಫಿಟ್ಜ್‌ಹರ್ಬರ್ಟನ ಇಪ್ಪತ್ತು ಪೆನ್ನಿಯ ನಂತರ ಮುನ್ನೂರೆಪ್ಪತ್ತು ವರ್ಷ ಕಳೆದರೂ ಚಿಲ್ಲರೆ ಲೆಕ್ಕ ತಪ್ಪಲಿಲ್ಲ!

ಐಕ್ಯೂ ಅಂದರೆ ಏನೋ ಭಾರಿ ರಹಸ್ಯ ಅಂದುಕೊಂಡಿದ್ದೀರಾ? ಮೊದಲಿಗೆ ಅದು ಬರೀ ಭಾಗಾಕಾರ. ಬುದ್ಧಿಯ ವಯಸ್ಸನ್ನು ದೇಹದ ವಯಸ್ಸಿನಿಂದ ಭಾಗಿಸಿ, ನೂರರಿಂದ ಗುಣಿಸಿ. ಹತ್ತು ವರ್ಷದ ಹುಡುಗ ಏಳು ವರ್ಷದವರ ಪ್ರಶ್ನೆಗಷ್ಟೇ ಉತ್ತರಿಸಿದರೆ ಐಕ್ಯೂ 70. ಆಯ್ತು, ನಾಲ್ಕನೇ ಕ್ಲಾಸಿನ ಲೆಕ್ಕ!

ಈಗ ಕುರ್ಚಿಯ ತುದಿಗೆ ಬನ್ನಿ. ಬಿನೆಯ ಆ ಪರೀಕ್ಷೆಯನ್ನು ಭಾರತದ ಮಕ್ಕಳಿಗೆ ಹೊಂದಿಸಿದ ಹೆಸರಾಂತ ರೂಪ ಯಾವ ಭಾಷೆಯಲ್ಲಿ ತಯಾರಾಯಿತು ಗೊತ್ತೇ? ಹಿಂದಿಯಲ್ಲಲ್ಲ, ಬಂಗಾಳಿಯಲ್ಲಲ್ಲ. ಕನ್ನಡದಲ್ಲಿ! ಜೊತೆಗೆ ಮರಾಠಿಯಲ್ಲಿ. ಮಾಡಿದವರು ವಿ.ವಿ. ಕಾಮತ್. 1934ರಲ್ಲಿ ಬ್ರಿಟನ್ನಿನ ಶೈಕ್ಷಣಿಕ ಮನಶ್ಶಾಸ್ತ್ರದ ಪತ್ರಿಕೆಯಲ್ಲಿ ಅವರ ಲೇಖನ ಬಂತು. ಅದರ ಶೀರ್ಷಿಕೆಯಲ್ಲೇ ಇತ್ತು, ಕನ್ನಡ ಮತ್ತು ಮರಾಠಿ ಮಾತಾಡುವ ಮಕ್ಕಳು ಅಂತ!

ಅದಕ್ಕೆ ಇಟ್ಟ ಹೆಸರೇ ‘ಬಾಂಬೆ-ಕರ್ನಾಟಕ’ ರೂಪ. ಆಗ ಬೆಳಗಾವಿ, ಧಾರವಾಡ, ಬಿಜಾಪುರದ ಜೊತೆ ನಮ್ಮ ಕಾರವಾರ, ಅಂಕೋಲೆಯೂ ಸೇರಿದ್ದ ಸೀಮೆ ಅದು. ಮನೆಯಲ್ಲಿ ಕೊಂಕಣಿ, ಶಾಲೆಯಲ್ಲಿ ಮರಾಠಿ ಅಥವಾ ಕನ್ನಡ, ಬಂದರಿನಲ್ಲಿ ಮೂರೂ ಕಲಸಿ ಮಾತಾಡುವ ಕಾರವಾರದ ಪೋರನಿಗೆ ಪ್ರಶ್ನೆ ಯಾವ ಭಾಷೆಯಲ್ಲಿ ಕೇಳಬೇಕು ಅಂತ ತಲೆ ಕೆರೆದುಕೊಳ್ಳಬೇಕಿತ್ತು ನೋಡಿ!

‘ಬಿನೆ-ಕಾಮತ್ ಟೆಸ್ಟ್’ ಇವತ್ತಿಗೂ ಬದುಕಿದೆ. ಮನಶ್ಶಾಸ್ತ್ರಜ್ಞರು ಪ್ರೀತಿಯಿಂದ ‘ಬಿಕೆಟಿ’ ಅಂತಾರೆ. ತೊಂಬತ್ತು ವರ್ಷದ ಹಳೇ ಪರೀಕ್ಷೆ, ಇನ್ನೂ ಡ್ಯೂಟಿ ಮೇಲಿದೆ!

ಮೈಸೂರಲ್ಲೂ ಒಬ್ಬರಿದ್ದರು. ಎಂ.ವಿ. ಗೋಪಾಲಸ್ವಾಮಿ. ಬುದ್ಧಿಶಕ್ತಿಯ ದೊಡ್ಡ ಪಂಡಿತ ಸ್ಪಿಯರ್‌ಮನ್ ಬಳಿ ಲಂಡನ್ನಿನಲ್ಲಿ ಕಲಿತು ಬಂದು, 1924ರಲ್ಲಿ ಮೈಸೂರು ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ವಿಭಾಗ ಶುರು ಮಾಡಿದವರು. ಹೆಸರು ಎಲ್ಲೋ ಕೇಳಿದ ಹಾಗಿದೆಯಾ? 1935ರಲ್ಲಿ ಮನೆಯಲ್ಲೇ ‘ಆಕಾಶವಾಣಿ’ ಎಂಬ ರೇಡಿಯೋ ನಿಲಯ ಇಟ್ಟವರೂ ಇವರೇ!

ಇನ್ನು ವೈನ್‌ಲ್ಯಾಂಡ್ ನೆನಪಿಟ್ಟುಕೊಂಡಿದ್ದೀರಲ್ಲ, ‘ಮೋರಾನ್’ ಹುಟ್ಟಿದ ಊರು? ಅದು ಕಾರವಾರಕ್ಕೂ ಬಂದಿದೆ! ಬುದ್ಧಿಯ ಬೆಳವಣಿಗೆ ನಿಧಾನವಿರುವ ಮಗುವಿಗೆ ಸರ್ಕಾರದ ಸರ್ಟಿಫಿಕೇಟು ಬೇಕಲ್ಲ, ಪಿಂಚಣಿಗೆ, ಬಸ್ ಪಾಸಿಗೆ. ಅದನ್ನು ಕೊಡುವ ಮುಂಚೆ ಐಕ್ಯೂ ಜೊತೆಗೆ ಇನ್ನೊಂದು ಅಳತೆ ಮಾಡುತ್ತಾರೆ. ಅದರ ಹೆಸರು ‘ವೈನ್‌ಲ್ಯಾಂಡ್ ಸೋಶಿಯಲ್ ಮೆಚ್ಯೂರಿಟಿ ಸ್ಕೇಲ್’. ಅದೇ ಶಾಲೆಯಲ್ಲಿ 1935ರಲ್ಲಿ ಎಡ್ಗರ್ ಡಾಲ್ ಎಂಬಾತ ಮಾಡಿದ್ದು!

ಇದರಲ್ಲಿ ಮಗುವಿಗೆ ಪರೀಕ್ಷೆಯೇ ಇಲ್ಲ. ಪ್ರಶ್ನೆ ಎಲ್ಲ ತಾಯಿಗೆ. ‘ಅಕ್ಕ, ಲೋಟ ತಾನೇ ಹಿಡಿದು ನೀರು ಕುಡಿತಾನಾ? ಕೈ ತೊಳೆದು ಒರೆಸ್ಕೊಳ್ತಾನಾ? ಅಂಗಿ ಗುಂಡಿ ತಾನೇ ಹಾಕ್ಕೊಳ್ತಾನಾ? ಅಂಗಡಿಗೆ ಕಳಿಸಿದ್ರೆ ಸಾಮಾನು ತರ್ತಾನಾ?’ ಭಾರತದ ರೂಪದಲ್ಲಿ ಇಂಥವು 89 ಅಂಶಗಳು. ತಾಯಿ ಯೋಚಿಸಿ ಯೋಚಿಸಿ ಹೇಳುತ್ತಾಳೆ: ‘ಅಂಗಡಿಗೆ ಹೋಗ್ತಾನೆ ಸರ್, ಆದ್ರೆ ಚಿಲ್ಲರೆ ಎಣಿಸೂಕೆ ಬರೂದಿಲ್ಲ.’ ಮತ್ತೆ ಅದೇ ಚಿಲ್ಲರೆ!

ಸರ್ಟಿಫಿಕೇಟಿನ ಲೆಕ್ಕವೂ ವಿಚಿತ್ರ. 2018ರ ಕೇಂದ್ರ ಸರ್ಕಾರದ ಮಾರ್ಗಸೂಚಿಯಲ್ಲಿ ಸೌಮ್ಯ ಅಂದರೆ 50 ಶೇಕಡಾ ವೈಕಲ್ಯ, ಮಧ್ಯಮ 75, ತೀವ್ರ 90, ಅತಿ ತೀವ್ರ 100. ಕಾರವಾರದ ಆಸ್ಪತ್ರೆಯಲ್ಲೇ ಇರಲಿ, ಬೆಂಗಳೂರಿನಲ್ಲೇ ಇರಲಿ, ದರ ಒಂದೇ!

ಇಂಥ ಪರೀಕ್ಷೆ ಮಾಡುವವರ ಮೇಜಿನ ಮೇಲೆ ಒಂದು ಮರದ ಹಲಗೆಯನ್ನೂ ನೋಡಬಹುದು. ಹತ್ತು ಗೂಡು, ಹತ್ತು ಬಿಲ್ಲೆ. ವೃತ್ತ, ಚೌಕ, ತ್ರಿಕೋನ, ನಕ್ಷತ್ರ, ಅಧಿಕ ಚಿಹ್ನೆ. ಯಾವ ಬಿಲ್ಲೆ ಯಾವ ಗೂಡಿಗೆ ಅಂತ ಮಗು ಕೂರಿಸಬೇಕು. ನಕ್ಷತ್ರವನ್ನು ಕೈಯಲ್ಲಿ ತಿರುಗಿಸಿ ತಿರುಗಿಸಿ, ಮೂಲೆ ಸಿಕ್ಕಿದೊಡನೆ ‘ಟಕ್’ ಅನ್ನಿಸಿ ಕೈ ತಟ್ಟುವ ಮಕ್ಕಳನ್ನು ನೋಡಬೇಕು ನೀವು! ಮೂರು ಸಲ ಮಾಡಿಸಿ, ಎಲ್ಲಕ್ಕಿಂತ ಕಡಿಮೆ ಹೊತ್ತು ಹಿಡಿದದ್ದನ್ನು ಬರೆದುಕೊಳ್ಳುತ್ತಾರೆ. ಇದು ‘ಸೆಗ್ಯಾಂ ಫಾರ್ಮ್ ಬೋರ್ಡ್’.

ಯಾರು ಈ ಸೆಗ್ಯಾಂ? 1840ರ ದಶಕದ ಪ್ಯಾರಿಸ್ಸಿನ ಮೇಷ್ಟ್ರು. ‘ಇವರಿಗೆ ಏನೂ ಕಲಿಸಲಾಗದು’ ಅಂತ ವೈದ್ಯರು ಕೈಬಿಟ್ಟ ಮಕ್ಕಳಿಗೆ ಕಲಿಸಿ ತೋರಿಸಿದವನು. ಆದರೆ 1846ರಲ್ಲಿ ಬರೆದ ಪುಸ್ತಕದ ಹೆಸರಿನಲ್ಲೇ ‘ಈಡಿಯಟ್’ ಪದ ಇದೆ. ಪ್ರೀತಿಯಿಂದಲೇ ಬರೆದದ್ದು!

ಆ ಪುಸ್ತಕದ ಬೆನ್ನು ಬಿದ್ದವರು ಇಟಲಿಯ ಒಬ್ಬ ಡಾಕ್ಟರಮ್ಮ. ಸೆಗ್ಯಾಂನ ಬರಹವನ್ನು ತಮ್ಮ ಕೈಯಿಂದಲೇ ಅನುವಾದಿಸಿ ಬರೆದುಕೊಂಡರು. ಮೊದಲು ರೋಮಿನಲ್ಲಿ ಅಂಥದೇ ಮಕ್ಕಳಿಗೆ, 1907ರಿಂದ ಎಲ್ಲ ಮಕ್ಕಳಿಗೂ ಅದೇ ದಾರಿಯಲ್ಲಿ ಕಲಿಸಿದರು. ಹೆಸರು ಮರಿಯಾ ಮಾಂಟೆಸರಿ! ಇವತ್ತು ಭಾರಿ ಫೀಸು ಕಟ್ಟಿ ಮಗುವನ್ನು ಸೇರಿಸುವ ಮಾಂಟೆಸರಿ ಶಾಲೆಯ ಮರದ ಸಿಲಿಂಡರು, ಬಿಲ್ಲೆಗಳ ಬೇರು ‘ಈಡಿಯಟ್’ ಮಕ್ಕಳ ತರಗತಿಯಲ್ಲಿದೆ. ನೆರೆಮನೆಯವರಿಗೆ ಹೇಳಿ, ಮುಖ ನೋಡಿ!

ಪರ್ಲ್ ಬಕ್ ಗೊತ್ತಲ್ಲ, ‘ಗುಡ್ ಅರ್ಥ್’ ಕಾದಂಬರಿ ಬರೆದು 1938ರಲ್ಲಿ ನೊಬೆಲ್ ಪಡೆದವರು? ಅವರ ಮಗಳು 1929ರಿಂದ ಇದ್ದದ್ದು ವೈನ್‌ಲ್ಯಾಂಡ್ ಶಾಲೆಯಲ್ಲೇ! ಹೆತ್ತವರು ಇಂಥ ಮಕ್ಕಳನ್ನು ಬಚ್ಚಿಡುತ್ತಿದ್ದ ಕಾಲದಲ್ಲಿ, 1950ರಲ್ಲಿ ಅವರು ಮಗಳ ಬಗ್ಗೆ ಬಹಿರಂಗವಾಗಿ ಬರೆದರು.

ಆ ಮಗಳಿಗಿದ್ದ ಕಾಯಿಲೆ ಪತ್ತೆಯಾದ ರೀತಿ ಕೇಳಿ. 1934, ನಾರ್ವೆ. ತಾಯಿಯೊಬ್ಬಳು ತನ್ನ ಇಬ್ಬರು ಮಕ್ಕಳ ಮೂತ್ರವನ್ನು ಫಾಲಿಂಗ್ ಎಂಬ ವೈದ್ಯನ ಬಳಿ ತಂದಳು. ಆತ ಅದಕ್ಕೆ ಫೆರಿಕ್ ಕ್ಲೋರೈಡ್ ಹಾಕಿದ. ಕಂದು ಬಣ್ಣ ಬರಬೇಕಿತ್ತು. ಹಸಿರಾಗಿಬಿಟ್ಟಿತು! ಇಂದು ‘ಪಿಕೆಯು’ ಅನ್ನುವ ಕಾಯಿಲೆ ಅದು. ಹುಟ್ಟಿದೊಡನೆ ಕಂಡುಹಿಡಿದು ಆಹಾರ ಬದಲಿಸಿದರೆ ಬುದ್ಧಿಗೆ ಪೆಟ್ಟೇ ಬೀಳುವುದಿಲ್ಲ. ಫಾಲಿಂಗ್ ಇಟ್ಟ ಮೊದಲ ಹೆಸರಿನಲ್ಲಿ ಏನಿತ್ತು ಊಹಿಸಿ. ‘ಇಂಬೆಸಿಲಿಟಾಸ್’!

ಡೌನ್ ಸಿಂಡ್ರೋಮ್ ಅಂದರೆ ಬುದ್ಧಿ ‘ಡೌನ್’ ಅಂತ ತಿಳಿದವರಿದ್ದಾರೆ. ಅಲ್ಲವೇ ಅಲ್ಲ! ಅದು ಡಾಕ್ಟರ ಹೆಸರು, ಜಾನ್ ಲ್ಯಾಂಗ್ಡನ್ ಡೌನ್. 1866ರಲ್ಲಿ ಆತ ಇಂಥ ಮಕ್ಕಳನ್ನು ಜನಾಂಗಗಳ ಹೆಸರಿನಲ್ಲಿ ವಿಂಗಡಿಸಿ, ಒಂದು ಗುಂಪಿಗೆ ‘ಮಂಗೋಲಿಯನ್’ ಅಂದುಬಿಟ್ಟ. ಸುಮಾರು ನೂರು ವರ್ಷ ಅದೇ ನಡೆಯಿತು. ಕಡೆಗೆ 1965ರಲ್ಲಿ ಮಂಗೋಲಿಯಾ ದೇಶವೇ ವಿಶ್ವ ಆರೋಗ್ಯ ಸಂಸ್ಥೆಗೆ ಹೇಳಿತು, ನಮ್ಮ ಹೆಸರು ಬಿಡಿ ಮಾರಾಯರೇ ಅಂತ!

ಡೌನ್ ತೀರಿಕೊಂಡ ಮೇಲೆ, 1905ರಲ್ಲಿ ಅವನಿಗೊಬ್ಬ ಮೊಮ್ಮಗ ಹುಟ್ಟಿದ. ಮಗುವಿಗೆ ಡೌನ್ ಸಿಂಡ್ರೋಮ್ ಇತ್ತು!

ಈಗ ಉಪ್ಪಿನ ಸರದಿ. ಫ್ರೆಂಚರು ‘ಕ್ರೆಟಿನ್’ ಅಂತ ಬೈಯುತ್ತಾರೆ. ಹೆಚ್ಚಿನ ಪಂಡಿತರು ಹೇಳುವಂತೆ ಆಲ್ಪ್ಸ್ ಬೆಟ್ಟದ ಆಡುಮಾತಿನಲ್ಲಿ ಅದರ ಅರ್ಥ ‘ಕ್ರಿಶ್ಚಿಯನ್’. ಇವನೂ ದೇವರ ಮಗುವೇ, ಮನುಷ್ಯನೇ ಎಂಬ ಕನಿಕರದ ಮಾತು. ಕನಿಕರವೇ ಬೈಗುಳವಾಯಿತು!

ಆ ಕಣಿವೆಗಳಲ್ಲಿ ಅಷ್ಟೊಂದು ಮಕ್ಕಳು ಹಾಗೆ ಹುಟ್ಟಲು ಕಾರಣ ಏನು? ಬಸುರಿಯರ ಊಟದಲ್ಲಿ ಅಯೋಡಿನ್ ಇರಲಿಲ್ಲ, ಅಷ್ಟೆ! ಎಷ್ಟು ಬೇಕು ಹೇಳಿ? ಇಡೀ ಆಯುಷ್ಯಕ್ಕೆ ಒಂದು ಟೀ ಚಮಚ!

ನಮ್ಮ ದೇಶದಲ್ಲೂ ಹಿಮಾಲಯದ ತಪ್ಪಲಲ್ಲಿ ಇದೇ ಕಥೆಯಿತ್ತು. 1956ರಲ್ಲಿ ವಿ. ರಾಮಲಿಂಗಸ್ವಾಮಿ ಅವರ ತಂಡ ಕಾಂಗ್ರಾ ಕಣಿವೆಯ ಜನರಿಗೆ ಅಯೋಡಿನ್ ಬೆರೆಸಿದ ಉಪ್ಪು ಕೊಟ್ಟು ನೋಡಿತು. ಅದೇ ಕೊರತೆಯಿಂದ ಕುತ್ತಿಗೆ ಊದುವ ಗಳಗಂಡ ಇಳಿಯಿತು! 1962ರಲ್ಲಿ ರಾಷ್ಟ್ರೀಯ ಕಾರ್ಯಕ್ರಮವೇ ಶುರುವಾಯಿತು.

‘ನಮಗೇನು, ಸಮುದ್ರದ ಬದಿಯಲ್ಲೇ ಇದ್ದೇವೆ, ಸಾಣಿಕಟ್ಟೆಯ ಹರಳುಪ್ಪು ತಿಂದು ಬೆಳೆದವರು’ ಅಂತೀರಾ? ಸಮುದ್ರದ ಉಪ್ಪಿನಲ್ಲಿ ಅಯೋಡಿನ್ ಇಲ್ಲ ಅನ್ನುವಷ್ಟು ಕಡಿಮೆ! ಕಾರವಾರದವರಿಗೆ ಅಯೋಡಿನ್ ಕೊಡುವುದು ಆ ಹರಳುಪ್ಪಲ್ಲ, ಬಂಗಡೆ ಮತ್ತು ಸೀಗಡಿ. 1930ರ ಏಪ್ರಿಲ್‌ನಲ್ಲಿ ಎಂ.ಪಿ. ನಾಡಕರ್ಣಿ ಅವರ ಮುಂದಾಳತ್ವದಲ್ಲಿ ಉಪ್ಪಿನ ಕಾಯ್ದೆ ಮುರಿದು ದೇಶಕ್ಕೇ ಹೆಸರಾದ ಅಂಕೋಲೆಯವರಿಗೆ ಇದನ್ನು ಹೇಳಲು ಸ್ವಲ್ಪ ಧೈರ್ಯ ಬೇಕು, ಹೇಳಿದ್ದೇನೆ!

ಅಮೆರಿಕದ ಕಥೆ ಅರ್ಧಕ್ಕೇ ನಿಲ್ಲಿಸಿದೆ. ಮೊದಲ ಮಹಾಯುದ್ಧದಲ್ಲಿ ಸೈನಿಕರಿಗೆ ಬುದ್ಧಿ ಪರೀಕ್ಷೆ ಮಾಡಿದರು. ಗೊಡಾರ್ಡ್ ಹಾಕಿದ ಗೆರೆಯ ಪ್ರಕಾರ ನೋಡಿದರೆ ಬಿಳಿಯ ಸೈನಿಕರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನ ಮೋರಾನ್! ಯುದ್ಧ ಗೆದ್ದರು, ಬಿಡಿ.

1927ರದ್ದು ನಗುವ ವಿಷಯವಲ್ಲ. ಕ್ಯಾರಿ ಬಕ್ ಎಂಬ ಹೆಣ್ಣುಮಗಳನ್ನೂ ಅವಳ ತಾಯಿಯನ್ನೂ ಎಳೆಯ ಮಗುವನ್ನೂ ಇಂಬೆಸೈಲ್ ಅಂತ ಕರೆದು, ಅವಳಿಗೆ ಬಲವಂತದ ಸಂತಾನಹರಣ ಮಾಡಬಹುದು ಅಂತ ಅಮೆರಿಕದ ಸುಪ್ರೀಂ ಕೋರ್ಟು ತೀರ್ಪು ಕೊಟ್ಟಿತು. ಆ ಮಗು ಮುಂದೆ ಶಾಲೆಯಲ್ಲಿ ಒಳ್ಳೆಯ ಅಂಕ ತೆಗೆದು ಗೌರವ ಪಟ್ಟಿಗೆ ಬಂದಿತ್ತು!

1973ರಲ್ಲಿ ಇನ್ನೊಂದು ಪವಾಡ. ಅಲ್ಲಿಯವರೆಗೆ ಅಮೆರಿಕದ ತಜ್ಞರ ಸಂಘದ ಲೆಕ್ಕದಲ್ಲಿ ಐಕ್ಯೂ 85ರ ಕೆಳಗೆ ಇದ್ದವರೆಲ್ಲ ಬುದ್ಧಿಮಾಂದ್ಯರ ಪಟ್ಟಿಗೆ ಬರಬಹುದಿತ್ತು. ಆ ವರ್ಷ ಗೆರೆಯನ್ನು 70ಕ್ಕೆ ಇಳಿಸಿದರು. ಒಂದು ಗುಳಿಗೆ ಇಲ್ಲ, ಒಂದು ಇಂಜೆಕ್ಷನ್ ಇಲ್ಲ, ಲಕ್ಷಾಂತರ ಜನ ಗುಣ!

ಆ ಸಂಘದ್ದೇ ಒಂದು ತಮಾಷೆ. 1876ರಲ್ಲಿ ಹುಟ್ಟಿದಾಗ ಹೆಸರಿನಲ್ಲಿ ‘ಈಡಿಯಾಟಿಕ್’ ಇತ್ತು. ಮೊದಲ ಅಧ್ಯಕ್ಷ ನಮ್ಮ ಮರದ ಹಲಗೆಯ ಸೆಗ್ಯಾಂ! 1906ರಲ್ಲಿ ‘ಫೀಬಲ್ ಮೈಂಡೆಡ್’ ಆಯಿತು. 1933ರಲ್ಲಿ ‘ಡೆಫಿಷಿಯೆನ್ಸಿ’. 1987ರಲ್ಲಿ ‘ರಿಟಾರ್ಡೇಶನ್’. 2007ರಲ್ಲಿ ‘ಇಂಟಲೆಕ್ಚುಅಲ್ ಡಿಸೆಬಿಲಿಟಿ’. ಹಳೇ ಹೆಸರು ಬೈಗುಳವಾದೊಡನೆ ಬೋರ್ಡು ಬದಲು. ಪೇಂಟರಿಗೆ ಒಳ್ಳೆಯ ಕೆಲಸ!

ವಿಶ್ವ ಆರೋಗ್ಯ ಸಂಸ್ಥೆಯ 1948ರ ಕಾಯಿಲೆಗಳ ಪಟ್ಟಿಯಲ್ಲಿ ‘ಮೋರಾನ್’ಗೆ ಕೋಡ್ ನಂಬರೇ ಇತ್ತು. 325ರ ಅಡಿಯಲ್ಲಿ!

‘ರಿಟಾರ್ಡ್’ ಅಂದರೂ ಇಷ್ಟೇ, ನಿಧಾನ. ಪಾಶ್ಚಾತ್ಯ ಸಂಗೀತದಲ್ಲಿ ಲಯ ನಿಧಾನ ಮಾಡಲಿಕ್ಕೆ ‘ರಿಟಾರ್ಡಾಂಡೊ’ ಅಂತಾರಲ್ಲ, ಅದೇ ಮನೆತನ. ನಮ್ಮ ‘ಬುದ್ಧಿಮಾಂದ್ಯ’ದ ಮಾಂದ್ಯವೂ ನಿಧಾನವೇ. ಆಯುರ್ವೇದದ ಪಂಡಿತರು ಹಸಿವಾಗದವನಿಗೆ ಏನಂತಾರೆ? ‘ಅಗ್ನಿಮಾಂದ್ಯ’! ಹೊಟ್ಟೆಗೆ ಮಾಂದ್ಯ ಬಂದರೆ ಕಷಾಯ, ತಲೆಗೆ ಬಂದರೆ ಬೈಗುಳ. ಇದ್ಯಾವ ನ್ಯಾಯ?

ಕನ್ನಡದಲ್ಲಂತೂ ‘ಮಂಕು’ ಎಂಬ ಹೆಸರು ಹೊತ್ತ ತಿಮ್ಮನೇ ಎಲ್ಲರಿಗೂ ಬುದ್ಧಿ ಹೇಳುತ್ತಾನೆ. ಡಿ.ವಿ.ಜಿ. ಅವನ ಹೆಸರಲ್ಲಿ ಬರೆದದ್ದು ಒಂದೆರಡಲ್ಲ, 945 ಪದ್ಯ!

ಪಂಚತಂತ್ರ ಹುಟ್ಟಿದ್ದೇ ಓದು ತಲೆಗೆ ಹತ್ತದ ಮೂವರು ರಾಜಕುಮಾರರಿಗಾಗಿ ಅಂತ ಕಥೆ ಹೇಳುತ್ತದೆ. ಪುಸ್ತಕ ಬದಿಗಿಟ್ಟು ನರಿ, ಕಾಗೆ, ಮೊಸಳೆಯ ಕಥೆ ಹೇಳಿ ಆರು ತಿಂಗಳಲ್ಲಿ ಕಲಿಸಿದನಂತೆ ವಿಷ್ಣುಶರ್ಮ. ಹನ್ನೊಂದನೇ ಶತಮಾನದಲ್ಲೇ ದುರ್ಗಸಿಂಹ ಪಂಚತಂತ್ರವನ್ನು ಕನ್ನಡಕ್ಕೆ ತಂದ. ವಿಶೇಷ ಶಿಕ್ಷಣಕ್ಕೆ ನಮ್ಮಲ್ಲಿ ಅಷ್ಟು ಹಳೇ ಪಠ್ಯಪುಸ್ತಕ!

ಮತ್ತೆ ಕೋರ್ಟಿಗೆ ಬರೋಣ, ಬಾಕಿ ಇದ್ದದ್ದು ಅಲ್ಲೇ. 1912ರ ಲೂನಸಿ ಕಾಯ್ದೆಯಲ್ಲೂ ‘ಲೂನಾಟಿಕ್’ ಎಂದರೆ ಈಡಿಯಟ್ ಅಥವಾ ಬುದ್ಧಿ ಸ್ಥಿಮಿತ ಇಲ್ಲದವ. ಸ್ವಾತಂತ್ರ್ಯ ಬಂತು, ಏಕೀಕರಣ ಬಂತು, ಕಾರವಾರ ಮುಂಬೈ ಬಿಟ್ಟು ಮೈಸೂರು ರಾಜ್ಯಕ್ಕೆ ಬಂತು, ಕೊಂಕಣ ರೈಲಿನ ಕೆಲಸವೂ ಶುರುವಾಯಿತು. ಕಾಯ್ದೆ ಮಾತ್ರ ಅಲ್ಲಾಡಲಿಲ್ಲ. ಅದು ನಿಜವಾಗಿ ಹೋದದ್ದು 1993ರ ಏಪ್ರಿಲ್ ಒಂದರಂದು. ಏಪ್ರಿಲ್ ಫೂಲ್ ದಿನ, ನಾನು ಹೇಳಿದ್ದಲ್ಲ!

ಅದರ ಜಾಗಕ್ಕೆ ಬಂದ ಹೊಸ ಕಾಯ್ದೆ ‘ಮಾನಸಿಕ ಕಾಯಿಲೆಯಲ್ಲಿ ಬುದ್ಧಿಮಾಂದ್ಯ ಸೇರುವುದಿಲ್ಲ’ ಅಂತ ಕಡೆಗೂ ಬೇರೆ ಮಾಡಿತು. 1995ರ ಅಂಗವಿಕಲರ ಕಾಯ್ದೆ ಇವರನ್ನು ‘ಮೆಂಟಲ್ ರಿಟಾರ್ಡೇಶನ್’ ಅಂತ ಕರೆಯಿತು. 2016ರ ಕಾಯ್ದೆ ಅದನ್ನು ಅಳಿಸಿ ಬೌದ್ಧಿಕ ಅಸಾಮರ್ಥ್ಯ ಅಂತ ಮಾಡಿತು. ಪಟ್ಟಿಯಲ್ಲಿ ಏಳಿದ್ದ ವಿಧಗಳು 21 ಆದವು!

ಈಡಿಯಟ್ ಪದ ಅಲ್ಲಿಗೆ ಹೋಯಿತು ಅಂದುಕೊಂಡಿರಾ? 1860ರ ಭಾರತೀಯ ದಂಡ ಸಂಹಿತೆಯ 305ನೇ ಸೆಕ್ಷನ್. ಆತ್ಮಹತ್ಯೆಗೆ ಕುಮ್ಮಕ್ಕು ಕೊಟ್ಟವನಿಗೆ ಶಿಕ್ಷೆ. ಯಾರಿಗೆ ಕುಮ್ಮಕ್ಕು ಕೊಟ್ಟರೆ? ಹದಿನೆಂಟರೊಳಗಿನವರಿಗೆ, ಹುಚ್ಚರಿಗೆ, ಸನ್ನಿ ಹಿಡಿದವರಿಗೆ, ‘ಈಡಿಯಟ್’ಗೆ, ಅಮಲಿನಲ್ಲಿ ಇರುವವರಿಗೆ. ಈ ಸಾಲು 2024ರ ಜೂನ್ 30ರ ರಾತ್ರಿಯವರೆಗೂ ಜಾರಿಯಲ್ಲಿತ್ತು! ಮರುದಿನ ನ್ಯಾಯ ಸಂಹಿತೆ ಬಂತು, ಪದ ಹೋಯಿತು.

ಇನ್ನೂ ಒಂದು ಕಡೆ ಉಳಿದಿದೆ! ಜಮೀನು ವ್ಯಾಜ್ಯ ಹೂಡಲು ಎಷ್ಟು ವರ್ಷ ಗಡುವು ಅಂತ ಹೇಳುವ 1963ರ ಲಿಮಿಟೇಶನ್ ಕಾಯ್ದೆ. ಆರನೇ ಸೆಕ್ಷನ್ ತೆರೆಯಿರಿ. ಅಪ್ರಾಪ್ತ, ಹುಚ್ಚ, ‘ಈಡಿಯಟ್’ ಆದವರಿಗೆ ಗಡುವು ಆಮೇಲೆ ಶುರು ಅಂತ ಇದೆ. ಕಾರವಾರವೋ ಅಂಕೋಲೆಯೋ, ಕೋರ್ಟಿನ ಹತ್ತಿರ ಯಾವ ವಕೀಲರ ಕಚೇರಿಗಾದರೂ ಹೋಗಿ ಕೇಳಿ, ತೋರಿಸುತ್ತಾರೆ!

ಹಾಗೇ ಅದರ ಪಕ್ಕದಲ್ಲಿರುವ 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯನ್ನೂ ಎಳೆದು 92ನೇ ಸೆಕ್ಷನ್ ನೋಡಿ. ನಾಲ್ಕು ಜನರ ಕಣ್ಣೆದುರು ವಿಕಲಚೇತನರನ್ನು ಬೇಕೆಂದೇ ಅವಮಾನಿಸಿದರೆ ಕನಿಷ್ಠ ಆರು ತಿಂಗಳು, ಗರಿಷ್ಠ ಐದು ವರ್ಷ ಜೈಲು, ಮೇಲೆ ದಂಡ. ಒಂದೇ ಕಪಾಟು ನೋಡಿ: ಒಂದು ಪುಸ್ತಕದಲ್ಲಿ ಆ ಪದ ಕಾನೂನು, ಪಕ್ಕದ ಪುಸ್ತಕ ತೆರೆದರೆ ಅದೇ ಪದಕ್ಕೆ ಜೈಲೂ ಆಗಬಹುದು!